ಹಗ್ಗ ಬಿಚ್ಚಿದ್ನೋ ಇಲ್ವೋ

2024ರ ಜುಲೈ 30ರ ಬೆಳಗಿನ ಜಾವ ವಯನಾಡಲ್ಲಿ ಗುಡ್ಡ ಜರಿದು ಮುಂಡಕ್ಕೈ, ಚೂರಲ್‌ಮಲ ಕೊಚ್ಕೊಂಡು ಹೋಯ್ತಲ್ಲ, ಅದಾಗಿ ಮೂರ್ನಾಲ್ಕು ದಿನಕ್ಕೆ ನಮ್ಮ ಆಫೀಸಿನ ಹುಡುಗನೊಬ್ಬ ಫ್ರೆಂಡ್ಸ್ ಜೊತೆ ಸೇರ್ಕೊಂಡು ಒಂದು ಗೂಡ್ಸ್ ಗಾಡಿ ತುಂಬಾ ಸಾಮಾನು ಹಾಕ್ಕೊಂಡು ಮೈಸೂರಿಂದ ಹೊರಟಿದ್ದ. ನಮ್ಮ ಮಂಡ್ಯ, ಚಾಮರಾಜನಗರ ಕಡೆಯಿಂದ ಹೊಟ್ಟೆಪಾಡಿಗೆ ಅಲ್ಲಿಗೆ ಹೋಗಿದ್ದೋರೂ ಸತ್ತಿದ್ರು, ಹಂಗಾಗಿ ಇಲ್ಲಿ ಯಾರಿಗೂ ಅದು ಪಕ್ಕದ ರಾಜ್ಯದ ಸುದ್ದಿ ಅಂತ ಅನ್ಸಿರ್ಲಿಲ್ಲ. ಹೊರಡೋ ಹಿಂದಿನ ದಿನ ಕಾಫಿ ಕುಡೀತಾ ಕೇಳ್ದ, "ಅಕ್ಕಾ, ನೀವು 2018ರಲ್ಲಿ ಕೊಡಗಿನ ಕ್ಯಾಂಪಲ್ಲಿ ಇದ್ರಲ್ವಾ, ಅಲ್ಲಿ ಜನ ಅಳ್ತಾ ಇದ್ರೆ ಏನು ಹೇಳ್ಬೇಕು?"

ನಾನು ತಕ್ಷಣಕ್ಕೆ ಹೇಳಿದ್ದು "ಏನೂ ಹೇಳ್ಬೇಡ, ಮೊಬೈಲ್ ಚಾರ್ಜರ್ ತಗೊಂಡು ಹೋಗು, ಎಲ್ಲಾ ತರದ ಪಿನ್ನಿಂದೂ, ಜೊತೆಗೆ ನಾಲ್ಕು ಎಕ್ಸ್‌ಟೆನ್ಶನ್ ಬಾಕ್ಸು" ಅಂತ. ಅವನು ತಮಾಷೆ ಅನ್ಕೊಂಡು ನಕ್ಕ. ತಮಾಷೆ ಏನಲ್ಲ ಅದು, ಆದ್ರೆ ಪೂರ್ತಿ ಉತ್ತರಾನೂ ಅಲ್ಲ. ಆವಾಗಿಂದ ತಲೇಲಿ ಕೂತಿದೆ, ಬರೀಬೇಕು ಬರೀಬೇಕು ಅಂತ, ಈಗ ಮತ್ತೆ ಮಳೆ ಶುರುವಾಗಿದೆ ನೋಡಿ, ಕೂತಿದೀನಿ.

ನನ್ನ ತವರು ಸುಂಟಿಕೊಪ್ಪದ ಹತ್ರ. ನಾನು ಕೌನ್ಸೆಲರ್ ಅಲ್ಲ ಏನೂ ಅಲ್ಲ, ಅಕೌಂಟ್ಸ್ ಕೆಲಸ ಮಾಡೋಳು. 2018ರ ಆಗಸ್ಟ್ 15ಕ್ಕೆ ರಜೆ ಅಂತ ಊರಿಗೆ ಹೋಗಿದ್ದೆ, 16, 17ಕ್ಕೆ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮದೆನಾಡು ಅಂತ ಒಂದೊಂದೇ ಕಡೆ ಬರೆ ಕುಸಿಯೋಕೆ ಶುರುವಾಯ್ತು. ಹೊರಗಿನೋರಿಗೆ ಗೊತ್ತಾಗ್ಲಿ ಅಂತ ಹೇಳ್ತೀನಿ, ನಮ್ಮಲ್ಲಿ ಬರೆ ಅಂದ್ರೆ ಮನೆ ಹಿಂದೆ ರಸ್ತೆ ಪಕ್ಕ ನಿಂತಿರೋ ಕಡಿದಾದ ಮಣ್ಣಿನ ಗೋಡೆ, ಮಳೆಗಾಲದಲ್ಲಿ ಅಷ್ಟಿಷ್ಟು ಜಾರೋದು ಮಾಮೂಲಿ, ಗುದ್ದಲಿ ತಗೊಂಡು ಎಳೆದು ಹಾಕಿದ್ರೆ ಮುಗೀತು. ಆ ವರ್ಷ ಹಂಗಲ್ಲ, ಬೆಟ್ಟದ ನೆತ್ತಿಯಿಂದಾನೇ ಬಿಟ್ಕೊಂಡು ತೋಟ, ಗದ್ದೆ, ಮನೆ, ರಸ್ತೆ ಎಲ್ಲಾ ಸೇರಿ ಕೆಸರಾಗಿ ಹರಿದು ಹೋಯ್ತು. ಮಡಿಕೇರಿಯಿಂದ ಸಂಪಾಜೆ ಕಡೆ ಹೋಗೋ ಹೈವೇ ವಾರಗಟ್ಟಲೆ ಬಂದ್. ಜಿಲ್ಲೇಲಿ ಸತ್ತೋರು ಇಪ್ಪತ್ತರ ಆಸುಪಾಸು, ಆದ್ರೆ ಕ್ಯಾಂಪಿಗೆ ಬಂದೋರು ಸಾವಿರಗಟ್ಟಲೆ. ಕಲ್ಯಾಣ ಮಂಟಪ, ಶಾಲೆ, ಮದ್ರಸ, ಚರ್ಚ್ ಹಾಲು, ಎಲ್ಲಿ ಸೂರು ಇತ್ತೋ ಅಲ್ಲೆಲ್ಲ ಜನ.

ನಮ್ಮ ಚಿಕ್ಕಪ್ಪ ಒಂದು ಕ್ಯಾಂಪಿನ ಅಡುಗೆ ನೋಡ್ಕೋತಿದ್ರು, "ನೀನೂ ಬಾ, ಲೆಕ್ಕ ಬರಿ" ಅಂದ್ರು, ಹಂಗೆ ಹೋದೋಳು ಹನ್ನೊಂದು ದಿನ ಅಲ್ಲೇ ಉಳ್ಕೊಂಡೆ.

ಎರಡನೇ ದಿನಾನೇ ನಾನು ಮಾಡಿದ ತಪ್ಪು ಇದು. ಐವತ್ತರ ಆಸುಪಾಸಿನ ಒಬ್ರು, ಮಕ್ಕಂದೂರು ಕಡೆಯೋರು, ಮೂರೆಕ್ರೆ ಕಾಫಿ, ಒಂದಿಷ್ಟು ಮೆಣಸು ಬಳ್ಳಿ ಇತ್ತಂತೆ, ಎಲ್ಲಾ ಹೋಗಿದೆ, ಹೆಂಡ್ತಿ ಮಕ್ಕಳು ಸೇಫ್. ಅವರು ಗೋಡೆಗೆ ಒರಗಿ ಕೂತ್ಕೊಂಡು ಎರಡೂ ಕೈಯನ್ನ ಹಿಂಗೆ ಹಿಂಗೆ ಮಾಡ್ತಾ ಇದ್ರು, ಹಗ್ಗ ಬಿಚ್ಚೋ ತರ. ನಾನು ಊಟದ ಪಟ್ಟಿ ಬರ್ಕೊಳೋಕೆ ಹೋದಾಗ ಇದ್ದಕ್ಕಿದ್ದಂಗೆ ಕೇಳಿದ್ರು, "ಮೇಡಂ, ಕೊಟ್ಟಿಗೆಗೆ ಹೋಗಿದ್ದು ನೆನಪುಂಟು ನಂಗೆ. ಕಂಬ ಹಿಡ್ದಿದ್ದೂ ನೆನಪುಂಟು. ಹಗ್ಗ ಬಿಚ್ಚಿದ್ನೋ ಇಲ್ವೋ ಗೊತ್ತಾಗ್ತಾ ಇಲ್ಲ."

ನಾನು ಏನಂದೆ ಗೊತ್ತಾ? "ಬಿಡಿ ಅಣ್ಣ, ನೀವೆಲ್ಲ ಜೀವ ಉಳಿಸ್ಕೊಂಡು ಬಂದ್ರಲ್ಲ, ಅದೇ ದೊಡ್ಡದು."

ಅವರು "ಹೌದು ಹೌದು" ಅಂದ್ರು. ಪಟ್ಟಿಗೆ ಹೆಸರು ಹೇಳಿದ್ರು. ಆಮೇಲೆ ಎರಡು ದಿನ ನನ್ ಹತ್ರ ಒಂದು ಮಾತೂ ಆಡ್ಲಿಲ್ಲ. ತಪ್ಪು ಮಾತೇನೂ ಅಲ್ಲ ಅಲ್ವಾ ನಾನು ಹೇಳಿದ್ದು, ನಿಜಾನೇ, ಎಲ್ರೂ ಹೇಳೋದೇ. ಆದ್ರೆ ಆ ಮಾತಿಗೆ ಹೌದು ಅನ್ನದೆ ಬೇರೆ ದಾರಿ ಇಲ್ಲ ನೋಡಿ, ಹೌದು ಅಂದ್ಮೇಲೆ ಹಸು ಬಗ್ಗೆ ಮತ್ತೆ ಬಾಯಿ ಬಿಡೋ ಹಂಗೇ ಇಲ್ಲ. ಅದೇ ಸಾಲಿಂದೇ "ಎಲ್ಲಾ ದೇವರ ಇಚ್ಛೆ", "ಕಾಲವೇ ಮರೆಸುತ್ತೆ", "ನಿಮಗಿಂತ ಕಷ್ಟದಲ್ಲಿ ಇರೋರ್ನ ನೋಡಿ", "ಗಂಡಸಾಗಿ ಹಿಂಗೆ ಅಳ್ತಾರಾ". ಕ್ಯಾಂಪಿಗೆ ಬಂದು ಹೋಗೋ ಪ್ರತಿಯೊಬ್ರೂ ಇದ್ರಲ್ಲಿ ಯಾವ್ದಾದ್ರೂ ಒಂದನ್ನ ಬಿಟ್ಟೇ ಹೋಗ್ತಿದ್ರು. ಹಳೇ ಬಟ್ಟೆ ಬಿಟ್ಟು ಹೋದ ಹಾಗೆ.

ಸರಿ ಮಾಡಿದ್ದು ಅಲ್ಲಿದ್ದ ಆಶಾ ಕಾರ್ಯಕರ್ತೆ. ಆಕೆ ಮನೇನೂ ಹೋಗಿತ್ತು, ಆದ್ರೂ ಆ ಪಿಂಕ್ ಸೀರೇಲೇ ಬಿಪಿ ಮಾತ್ರೆ ಶುಗರ್ ಮಾತ್ರೆ ಹಂಚ್ಕೊಂಡು ಓಡಾಡ್ತಿದ್ರು. ನಾನು ರಾತ್ರಿ ಪಾತ್ರೆ ತೊಳೆಯೋ ಹತ್ರ ಅವರಿಗೆ ಹೇಳ್ದೆ, ಆ ಅಣ್ಣ ಹಸು ಬಗ್ಗೆ ಯೋಚ್ನೆ ಮಾಡಿ ಮಾಡಿ ಊಟ ಬಿಟ್ಟಿದಾರೆ ಅಂತ. ಅವರು ಒಂದೇ ಮಾತು ಕೇಳಿದ್ರು, "ಹಸುವಿನ ಹೆಸ್ರೆಂತ ಅಂತ ಕೇಳಿದ್ರಾ?"

ಮಾರನೇ ದಿನ ಹೋಗಿ ಕೇಳ್ದೆ. ಬೊಳ್ಳಿ. ಎರಡನೇ ಕರು ಹಾಕಿ ಮೂರು ತಿಂಗಳು. ಮಳೆಗೆ ಸೊಳ್ಳೆ ಜಾಸ್ತಿ ಅಂತ ಅವತ್ತು ಸಂಜೆ ಕೊಟ್ಟಿಗೇಲಿ ಹೊಗೆ ಹಾಕಿದ್ರಂತೆ. ಕರೆಂಟ್ ಇರ್ಲಿಲ್ಲ. ಬೆಳಗಿನ ಜಾವ ದೊಡ್ಡ ಲಾರಿ ಹತ್ತಿಪ್ಪತ್ತು ಒಟ್ಟಿಗೆ ಬಂದ ಹಾಗೆ ಶಬ್ದ ಅಂತೆ, ಆಮೇಲೆ ಹಸಿ ಮಣ್ಣು ವಾಸ್ನೆ. ಅವರು ಹೇಳ್ತಾ ಹೋದ್ರು, ನಾನು ಹೂಂ ಅಂತ ಕೂತಿದ್ದೆ, ಸುಮಾರು ಒಂದು ಗಂಟೆ. ಕೊನೇಗೂ ಹಗ್ಗದ ವಿಷ್ಯ ಇತ್ಯರ್ಥ ಆಗ್ಲಿಲ್ಲ. "ಗೊತ್ತಾಗ್ಲಿಕ್ಕಿಲ್ಲ ಇನ್ನು" ಅಂತ ಅವರೇ ಹೇಳಿದ್ರು. ಅವತ್ತು ಮಧ್ಯಾಹ್ನ ಮಾತ್ರ ಎದ್ದು ಊಟದ ಸಾಲಿಗೆ ಬಂದು ನಿಂತ್ರು.

ಊಟದ ಸಾಲು ಅಂದಾಗ ನೆನಪಾಯ್ತು. ತೋಟದ ಮನೆಯೋರು, ಮದುವೆ ಮುಂಜಿ ಅಂದ್ರೆ ಐನೂರು ಜನಕ್ಕೆ ಬಡಿಸಿದೋರು, ಸ್ಟೀಲ್ ತಟ್ಟೆ ಹಿಡ್ಕೊಂಡು ನಿಲ್ಲೋದು, ಅದನ್ನ ಫೋಟೋ ತೆಗೆಯೋಕೆ ನಾಲ್ಕು ಜನ. ಲೈನ್ ಮನೆಯ ಕೂಲಿಯೋರು ಅದೇ ಸಾಲಲ್ಲಿ. ಮೊದಲ ಎರಡು ದಿನ ಹೆಂಗಸರು ಕೆಲವರು ಸಾಲಿಗೆ ಬರ್ತಾನೇ ಇರ್ಲಿಲ್ಲ, ಹಸಿವಿಲ್ಲ ಅಂತಿದ್ರು. ಚಿಕ್ಕಪ್ಪ ಏನೂ ಸೈಕಾಲಜಿ ಓದಿದೋರಲ್ಲ, ಆದ್ರೆ ಮೂರನೇ ದಿನ ಹೋಗಿ "ಅಕ್ಕಾ, ನಮ್ಮ ಹುಡುಗರಿಗೆ ಸಾರು ಮಾಡ್ಲಿಕ್ಕೆ ಬರೋದಿಲ್ಲ, ಬರೀ ನೀರು, ನೀವೊಂದು ಸ್ವಲ್ಪ ಬನ್ನಿ" ಅಂದ್ರು. ನಾಲ್ಕು ಜನ ಎದ್ರು. ಸಂಜೆಗೆ ಹನ್ನೆರಡು ಜನ. ಒಬ್ರು ತೆಂಗಿನಕಾಯಿ ತುರಿತಾ ಇನ್ನೊಬ್ರು ಈರುಳ್ಳಿ ಹೆಚ್ತಾ, ಈರುಳ್ಳಿ ಹೆಚ್ಚೋವಾಗ ಅತ್ರೆ ಯಾರೂ ಕೇಳೋದಿಲ್ಲ ನೋಡಿ, ಅಲ್ಲಿ ಆದಷ್ಟು ಮಾತು ಹಾಲಿನ ಒಳಗೆ ಯಾವ ಮೀಟಿಂಗಲ್ಲೂ ಆಗ್ಲಿಲ್ಲ.

ಮೀಟಿಂಗ್ ಅಂದೆ. ಐದನೇ ದಿನ ಒಂದು ಟೀಮ್ ಬಂತು, ಯಾವ ಊರು ಯಾವ ಸಂಸ್ಥೆ ಅಂತ ಹೇಳಲ್ಲ, ಒಳ್ಳೇ ಉದ್ದೇಶದಿಂದಾನೇ ಬಂದಿದ್ರು. ಕುತ್ತಿಗೆಗೆ ಐಡಿ ಕಾರ್ಡು, ಕೈಲಿ ಆರು ಪುಟದ ಫಾರಂ. ಜನರನ್ನ ಇಪ್ಪತ್ತಿಪ್ಪತ್ತು ಮಂದಿ ರೌಂಡಾಗಿ ಕೂರಿಸಿ, ಒಬ್ಬೊಬ್ರೂ ಆ ರಾತ್ರಿ ಏನಾಯ್ತು ಮೊದಲಿಂದ ಹೇಳಿ, ಏನು ನೋಡಿದ್ರಿ, ಏನು ಅನ್ನಿಸ್ತು, ಹೇಳ್ಕೊಂಡ್ರೆ ಹಗುರ ಆಗುತ್ತೆ ಅಂತ. ಒಂದು ಹುಡುಗಿ, ಪಿಯುಸಿ ಇರ್ಬೇಕು, ಅಜ್ಜಿಯನ್ನ ಕೈಹಿಡಿದು ಎಳ್ಕೊಂಡು ಬರೋವಾಗ ಕೈ ಜಾರಿದ್ದು ಹೇಳ್ತಾ ಹೇಳ್ತಾ ಉಸಿರು ಕಟ್ಟಿ ಬಿದ್ಲು. ಅಜ್ಜಿ ಬದುಕಿದ್ರು, ಮಡಿಕೇರಿ ಆಸ್ಪತ್ರೇಲಿ ಇದ್ರು, ಆದ್ರೂ. ಅವಳನ್ನ ನೋಡಿ ಪಕ್ಕದ ಎರಡು ಮಕ್ಕಳು ಶುರು. ಟೀಮ್‌ನೋರು ನಾಲ್ಕು ಗಂಟೆಗೆ ಬಸ್ಸಿದೆ ಅಂತ ಹೊರಟ್ರು. ರಾತ್ರಿ ಇಡೀ ಆ ಹುಡುಗಿ ಜೊತೆ ಕೂತಿದ್ದು ಆಶಾ ಅಕ್ಕನೇ.

ಆಮೇಲೆ ಮೈಸೂರಿಗೆ ಬಂದ್ಮೇಲೆ ನಾನು ಇದರ ಬಗ್ಗೆ ಸ್ವಲ್ಪ ಓದಿದೆ. ಹಿಂಗೆ ಘಟನೆ ಆದ ಸ್ವಲ್ಪ ದಿನಕ್ಕೇ ಕೂರಿಸಿ ಎಲ್ಲಾ ಕಕ್ಕಿಸೋ ಪದ್ಧತಿಗೆ ಡಿಬ್ರೀಫಿಂಗ್ ಅಂತಾರೆ, ಒಂದು ಕಾಲಕ್ಕೆ ಎಲ್ಲಾ ಕಡೆ ಮಾಡ್ತಿದ್ರಂತೆ. ಅದ್ರಿಂದ ಮುಂದಿನ ತೊಂದರೆ ತಪ್ಪುತ್ತೆ ಅನ್ನೋಕೆ ಆಧಾರ ಸಿಗ್ಲಿಲ್ಲ, ಕೆಲವರಿಗೆ ಇನ್ನೂ ಕೆಟ್ಟದಾಗ್ಬಹುದು ಅಂತ ಅಧ್ಯಯನಗಳಲ್ಲಿ ಕಂಡ್ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡ ಅಂದಿದೆ. ಅದ್ರ ಬದ್ಲು ಮಾನಸಿಕ ಪ್ರಥಮ ಚಿಕಿತ್ಸೆ ಅಂತ 2011ರಲ್ಲಿ ಒಂದು ಕೈಪಿಡಿ ಮಾಡಿದಾರೆ, ಅದ್ರ ಸಾರ ಮೂರೇ ಮಾತು, ನೋಡು, ಕೇಳಿಸ್ಕೋ, ಜೋಡಿಸು. ಯಾರಿಗೆ ಏನು ಅರ್ಜೆಂಟ್ ಬೇಕು ನೋಡು, ಅವರಾಗೇ ಹೇಳಿದ್ರೆ ಕೇಳಿಸ್ಕೋ, ಹೇಳ್ದಿದ್ರೆ ಕೆದಕಬೇಡ, ಆಮೇಲೆ ಅವರ ಜನ, ಅವರಿಗೆ ಸಿಗಬೇಕಾದ ಸವಲತ್ತು, ಡಾಕ್ಟ್ರು, ಇವುಗಳಿಗೆ ಜೋಡಿಸು. ಓದಿ ನಗು ಬಂತು ನಂಗೆ, ಆಶಾ ಅಕ್ಕ, ಚಿಕ್ಕಪ್ಪ ಮಾಡಿದ್ದು ಇದೇ ಅಲ್ವಾ. ಚಾರ್ಜರ್ ಕಥೆನೂ ಇದೇ. ನೂರೈವತ್ತು ಜನಕ್ಕೆ ಎರಡು ಪ್ಲಗ್ ಪಾಯಿಂಟ್ ಇದ್ರೆ, ಇನ್ನೊಂದು ಕ್ಯಾಂಪಲ್ಲಿ ಇರೋ ತಮ್ಮನ ದನಿ ಕೇಳೋಕಾಗ್ದೆ ಒದ್ದಾಡೋ ಮನುಷ್ಯನಿಗೆ ನೀವು ಯಾವ ಸಮಾಧಾನ ಹೇಳ್ತೀರಿ, ಫೋನ್ ಚಾರ್ಜ್ ಮಾಡ್ಕೊಡಿ ಸಾಕು.

ನಿಮ್ಹಾನ್ಸ್‌ನೋರಿಗೆ ಇದು ಹಳೇ ವಿಷ್ಯ. 1981ರ ಫೆಬ್ರವರೀಲಿ ಬೆಂಗಳೂರಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ರಲ್ಲ, ಅದ್ರಲ್ಲಿ ಬಹಳಷ್ಟು ಮಕ್ಕಳು, ನಮ್ಮಮ್ಮ ಈಗ್ಲೂ ಹೇಳ್ತಾರೆ ಆ ಸುದ್ದಿ ಕೇಳಿ ವಾರ ಯಾರ ಮನೇಲೂ ಒಲೆ ಸರಿಯಾಗಿ ಉರೀಲಿಲ್ಲ ಅಂತ, ಆಗ ಮಕ್ಕಳನ್ನ ಕಳ್ಕೊಂಡ ಮನೆಗಳ ದುಃಖ ಹೆಂಗಿರುತ್ತೆ ಅಂತ ಅವರು ಅಧ್ಯಯನ ಮಾಡಿದ್ರು. 1984ರ ಭೋಪಾಲ್ ಅನಿಲ ದುರಂತ ಆದ್ಮೇಲೆ ಅಲ್ಲಿ ಅಷ್ಟು ಜನಕ್ಕೆ ಮನೋವೈದ್ಯರು ಎಲ್ಲಿಂದ ತರೋದು, ಅದಕ್ಕೆ ಅಲ್ಲಿನ ಮಾಮೂಲಿ ಡಾಕ್ಟ್ರುಗಳಿಗೇ ಮನಸ್ಸಿನ ತೊಂದರೆ ಗುರುತಿಸೋಕೆ ಕಲಿಸಿದ್ರು. ಲಾತೂರ್ ಭೂಕಂಪ, ಒಡಿಶಾ ಚಂಡಮಾರುತ, ಭುಜ್ ಭೂಕಂಪ, ಸುನಾಮಿ ಅಂತ ಬರ್ತಾ ಬರ್ತಾ ಆ ಕಲಿಸೋದು ಡಾಕ್ಟ್ರಿಂದ ಟೀಚರ್, ಅಂಗನವಾಡಿ, ಊರಿನ ಹುಡುಗರ ತನಕ ಬಂತು. ಈಗ ನಿಮ್ಹಾನ್ಸಲ್ಲಿ ಇದಕ್ಕೇ ಅಂತ ಪ್ರತ್ಯೇಕ ವಿಭಾಗ ಇದೆ. ಊರಿನ ಭಾಷೆ ಗೊತ್ತಿರೋರು, ನಾಳೆನೂ ಅಲ್ಲೇ ಇರೋರು, ಅವರಿಂದಾನೇ ಆಗೋ ಕೆಲಸ ಇದು ಅಂತ ಅವರಿಗೆ ಗೊತ್ತಾಗಿ ಇಷ್ಟು ವರ್ಷ ಆದ್ರೂ ನಾವಿನ್ನೂ ಆರು ಪುಟದ ಫಾರಂ ಹಿಡ್ಕೊಂಡು ನಾಲ್ಕು ಗಂಟೆ ಬಸ್ಸಿಗೆ ಓಡ್ತೀವಿ.

ಇನ್ನೊಂದು ರಾತ್ರಿ ಹೇಳ್ಲೇಬೇಕು. ಹನ್ನೊಂದೂವರೆ ಹೊತ್ತಿಗೆ ಯಾರಿಗೋ ವಾಟ್ಸಾಪಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು, ಡ್ಯಾಮ್ ಬಿರುಕು ಬಿಟ್ಟಿದೆ, ಬೆಳಗ್ಗೆ ಒಳಗೆ ಎಲ್ಲಾ ಮುಳುಗುತ್ತೆ, ಭೂಕಂಪಾನೂ ಆಗುತ್ತಂತೆ ಅಂತ. ಜುಲೈ ತಿಂಗಳಲ್ಲಿ ನೆಲ ನಿಜವಾಗ್ಲೂ ಸಣ್ಣಗೆ ನಡುಗಿತ್ತು, ಹಂಗಾಗಿ ಜನ ನಂಬಿದ್ರು. ಐದು ನಿಮಿಷಕ್ಕೆ ಇಡೀ ಹಾಲು ಎದ್ದು ನಿಂತಿತ್ತು. ಮಲಗಿದ್ದ ಮಕ್ಕಳನ್ನ ಎತ್ಕೊಂಡು, ಗಂಟು ಕಟ್ಕೊಂಡು, ಆದ್ರೆ ಹೋಗೋದೆಲ್ಲಿಗೆ? ಹೊರಗೆ ಮಳೆ. ಚಿಕ್ಕಪ್ಪ ಪೊಲೀಸ್ ಸ್ಟೇಷನ್‌ಗೆ ಫೋನ್ ಹಚ್ಚಿ ಸ್ಪೀಕರ್ ಆನ್ ಮಾಡಿ ಎಲ್ರ ಮಧ್ಯ ಹಿಡಿದ್ರು. ಆ ಕಡೆಯಿಂದ ಯಾರೋ ನಿದ್ದೆಗಣ್ಣಿನ ದನಿ, "ಇಲ್ಲ ಸಾರ್, ಸುಳ್ಳು, ನಾವೂ ಇಲ್ಲೇ ಇದೀವಲ್ಲ" ಅಂತು. ಆ "ನಾವೂ ಇಲ್ಲೇ ಇದೀವಲ್ಲ" ಅನ್ನೋ ಮಾತಿಗೆ ಹಾಲಲ್ಲಿ ಕೆಲವರು ನಕ್ಕೇಬಿಟ್ರು. ಅವತ್ತಿಂದ ಗೋಡೆ ಮೇಲೆ ಒಂದು ಬೋರ್ಡ್ ಹಾಕಿದ್ವಿ, ದಿನಾ ಬೆಳಗ್ಗೆ ಸಂಜೆ ಎರಡು ಸಲ, ಎಲ್ಲಿ ರಸ್ತೆ ಓಪನ್ ಇದೆ, ಯಾವ ಊರಿಗೆ ರೆಸ್ಕ್ಯೂ ಟೀಮ್ ಹೋಗಿದೆ, ತಹಶೀಲ್ದಾರ್ ಎಷ್ಟು ಗಂಟೆಗೆ ಬರ್ತಾರೆ, ಗೊತ್ತಿಲ್ದೇ ಇದ್ರೆ "ಇನ್ನೂ ಗೊತ್ತಿಲ್ಲ" ಅಂತಾನೇ ಬರೆಯೋದು. ಜನ ನಿದ್ದೆ ಮಾಡೋಕೆ ಶುರು ಮಾಡಿದ್ದು ಆ ಬೋರ್ಡ್ ಬಂದ್ಮೇಲೆ, ಇದು ನನ್ನ ಲೆಕ್ಕ.

ಮಕ್ಕಳು ಬೇರೆನೇ ಲೋಕ. ಅಕ್ಕಿ ಮೂಟೆ ಖಾಲಿ ಆಗಿದ್ದನ್ನ ಒಂದರ ಮೇಲೊಂದು ಗುಡ್ಡೆ ಹಾಕಿ, ಅದ್ರ ಕೆಳಗೆ ಚಪ್ಪಲಿ ಸಾಲಾಗಿ ಇಟ್ಟು, ಅದು ಮನೆಗಳಂತೆ, ಮೇಲಿಂದ ಮೂಟೆ ತಳ್ಳೋದು, "ಓಡಿ ಓಡಿ" ಅಂತ ಕಿರುಚೋದು. ಆಮೇಲೆ ಒಬ್ಬ ಹುಡುಗ ಎರಡೂ ಕೈ ಮುಂದೆ ಚಾಚಿ ಜೆಸಿಬಿ ಆಗ್ತಿದ್ದ, ಗರ್‍ರ್‍ರ್ ಅಂತ ಸೌಂಡ್ ಮಾಡ್ಕೊಂಡು ಚಪ್ಪಲಿ ಒಂದೊಂದೇ ಹೊರಗೆ ತೆಗೆಯೋದು. ದಿನಾ ಇದೇ ಆಟ. ಒಬ್ರು ತಾತ ನೋಡಲಾರದೆ ಗದರಿಸಿ ಮೂಟೆ ಎತ್ತಿಸಿಬಿಟ್ರು, ಅಪಶಕುನ ಅಂತ. ಆಶಾ ಅಕ್ಕ ಬಂದು ವಾಪಸ್ ಹಾಕಿಸಿದ್ರು. ನಾಲ್ಕೈದು ದಿನ ಆದ್ಮೇಲೆ ನಾನು ಗಮನಿಸಿದ್ದು, ಜೆಸಿಬಿ ಹುಡುಗ ಮೊದಲು ಎರಡು ಮೂರು ಚಪ್ಪಲಿ ತೆಗೆದು ಬಿಡ್ತಿದ್ದೋನು, ಬರ್ತಾ ಬರ್ತಾ ಒಂದೂ ಬಿಡದ ಹಾಗೆ ಎಲ್ಲಾ ತೆಗೆದು, ಜೋಡಿ ಮಾಡಿ ಇಡ್ತಿದ್ದ. ಅದಕ್ಕೆ ಏನರ್ಥ ಅಂತ ನಾನು ಹೇಳೋಕೆ ಹೋಗಲ್ಲ. ಆದ್ರೆ ಅದೇ ಆಟ ತಿಂಗಳಾದ್ರೂ ಒಂಚೂರೂ ಬದಲಾಗದೆ ನಡೀತಿದ್ರೆ, ಮಗು ಆಡ್ತಾ ಆಡ್ತಾ ಇನ್ನೂ ಹೆದರ್ತಿದ್ರೆ, ಹಾಸಿಗೆ ಒದ್ದೆ ಮಾಡ್ಕೊಳೋದು ನಿಲ್ಲದೇ ಇದ್ರೆ ಡಾಕ್ಟ್ರಿಗೆ ತೋರಿಸಿ.

ಬಕ್ರೀದ್ 22ಕ್ಕೆ ಬಂತು, ವರಮಹಾಲಕ್ಷ್ಮಿ 24ಕ್ಕೆ. ಯಾರೂ ಹಬ್ಬ ಮಾಡೋ ಮೂಡಲ್ಲಿ ಇರ್ಲಿಲ್ಲ, ದಾನಿಗಳು ಕೆಲವರು "ಇಂಥಾ ಟೈಮಲ್ಲಿ ಹಬ್ಬಾನಾ" ಅಂತಾನೂ ಅಂದ್ರು. ನಮ್ಮ ಹಾಲಲ್ಲಿ ಮುಸ್ಲಿಂ ಮನೆಯೋರು ಎಂಟೋ ಹತ್ತೋ ಕುಟುಂಬ, ಬೆಳಗ್ಗೆ ನಮಾಜ್ ಮುಗಿಸಿ ಬಂದು ಎಲ್ರಿಗೂ ಸೇಮಿಗೆ ಪಾಯಸ ಕೊಟ್ರು, ಎರಡು ದಿನ ಬಿಟ್ಟು ಹೆಂಗಸರು ಅಡುಗೆಮನೆಯ ಸ್ಟೀಲ್ ಚೊಂಬಿಗೆ ತೆಂಗಿನಕಾಯಿ ಇಟ್ಟು, ಯಾರೋ ದಾನಕ್ಕೆ ಕೊಟ್ಟಿದ್ದ ಹೊಸ ಸೀರೆ ಸುತ್ತಿ ಕೂರಿಸಿದ್ರು. ಗೆಜ್ಜೆವಸ್ತ್ರ ಮಾಡೋಕೆ ಹತ್ತಿ ಫಸ್ಟ್ ಏಡ್ ಬಾಕ್ಸಿಂದ. ಕೌನ್ಸೆಲಿಂಗ್ ಅಂತ ಯಾರೂ ಬೋರ್ಡ್ ಹಾಕ್ಕೊಂಡು ಮಾಡಿದ್ದಲ್ಲ ಇದು, ಅವತ್ತು ಸಂಜೆ ಮೊದಲನೇ ಸಲ ಆ ಹಾಲು ಒಂದು ಊರಿನ ತರ ಕಾಣ್ತು ನಂಗೆ.

ಬಟ್ಟೆ ವಿಷ್ಯ ಒಂದು ಮಾತು, ಕೋಪದಲ್ಲೇ ಹೇಳ್ತೀನಿ. ಲಾರಿ ಲಾರಿ ಹಳೇ ಬಟ್ಟೆ ಬಂತು. ಗುಂಡಿ ಕಿತ್ತಿದ್ದು, ಜಿಪ್ ಹೋಗಿದ್ದು, ಒಂದು ಮೂಟೇಲಿ ಬರೀ ಒಂಟಿ ಸಾಕ್ಸು. ಒಬ್ರು ಅಜ್ಜಿ ಅದ್ರಲ್ಲಿ ಒಂದು ರವಿಕೆ ಎತ್ತಿ, ಕಂಕುಳ ಹತ್ರ ಹರಿದಿದ್ದನ್ನ ಬೆಳಕಿಗೆ ಹಿಡಿದು ನೋಡಿ, ನೀಟಾಗಿ ಮಡಚಿ ವಾಪಸ್ ಇಟ್ರು. ಏನೂ ಅನ್ಲಿಲ್ಲ. ಇತ್ತ ಒಳ ಉಡುಪು, ಪ್ಯಾಡು, ಕನ್ನಡಕ, ಹಲ್ಲುಸೆಟ್ಟು ಕಳ್ಕೊಂಡೋರಿಗೆ ಮೆತ್ತಗಿನ ಊಟ, ಇದ್ಯಾವುದೂ ಯಾರ ಪಟ್ಟೀಲೂ ಇರ್ಲಿಲ್ಲ. ಕೊಡೋದಾದ್ರೆ ನಿಮ್ಮ ಮನೆ ನೆಂಟರಿಗೆ ಉಡುಗೊರೆ ಕೊಡೋ ಅಂಥದ್ದು ಕೊಡಿ, ಇಲ್ಲಾ ದುಡ್ಡು ಕೊಡಿ, ಅದೂ ಆಗ್ದಿದ್ರೆ ಬಂದು ಫಾರಂ ತುಂಬ್ಕೊಡಿ. ಆಧಾರ್, ರೇಷನ್ ಕಾರ್ಡು, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲಾ ಮಣ್ಣಲ್ಲಿ. ಒಂದು ಅರ್ಜಿ ಸರಿಯಾಗಿ ಬರೆದು, ಜೊತೇಲಿ ಆಫೀಸಿಗೆ ಹೋಗಿ, ಕ್ಯೂನಲ್ಲಿ ನಿಂತು ಸೀಲ್ ಹಾಕಿಸ್ಕೊಂಡು ಬಂದ್ರೆ ಆ ಮನುಷ್ಯನ ಮುಖ ನೋಡಿ, ಹೆಗಲ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಿರುತ್ತೆ. ನಾನು ಅಕೌಂಟ್ಸ್‌ನೋಳು ಆಗಿದ್ದು ಉಪಯೋಗಕ್ಕೆ ಬಂದಿದ್ದು ಅಲ್ಲೇ.

ದೇಹ ಸಿಗದೇ ಇರೋರ ಮನೆಯವರ ಹತ್ರ ಮಾತ್ರ ನಂಗೆ ಇವತ್ತಿಗೂ ಏನು ಮಾಡ್ಬೇಕು ಗೊತ್ತಿಲ್ಲ. 2024ರಲ್ಲಿ ವಯನಾಡಿಗೆ ಎರಡು ವಾರ ಮುಂಚೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಬಿತ್ತಲ್ಲ, ಆ ಕೇರಳದ ಲಾರಿ ಡ್ರೈವರ್‌ದು ದೇಹ ಗಂಗಾವಳಿ ಹೊಳೇಲಿ ಸಿಕ್ಕಿದ್ದು 71 ದಿನ ಆದ್ಮೇಲೆ. ಆ 71 ದಿನ ಆ ಮನೇಲಿ ದೀಪ ಹಚ್ಚೋದಾ, ಸೂತಕ ಹಿಡಿಯೋದಾ, ಕಾಯೋದಾ? ನಮ್ಮ ಕ್ಯಾಂಪಲ್ಲೂ ಒಬ್ರು ಇದ್ರು ಹಂಗೆ, ಅಣ್ಣ ಕಾಣೆ. ಜನ ಅವರಿಗೆ "ಸಿಗ್ತಾರೆ ಬಿಡಿ" ಅಂತಿದ್ರು, ಇನ್ನು ಕೆಲವರು "ಕ್ರಿಯೆ ಮುಗಿಸಿಬಿಡಿ, ಆತ್ಮಕ್ಕೆ ಶಾಂತಿ" ಅಂತಿದ್ರು. ಎರಡೂ ಹೇಳೋ ಹಕ್ಕು ನಮಗಿಲ್ಲ ಅನ್ಸುತ್ತೆ. ಆ ಅಣ್ಣನ ಕಥೆ ಮಾತ್ರ ಕೇಳ್ತಾ ಇದ್ದೆ ನಾನು, ಫುಟ್ಬಾಲ್ ಆಡ್ತಿದ್ದಿದ್ದು, ಹಂದಿ ಸಾರು ಇಷ್ಟ ಇದ್ದಿದ್ದು, "ಇದಾರೆ" ಅಂತ ಒಂದು ವಾಕ್ಯ, "ಇದ್ರು" ಅಂತ ಒಂದು ವಾಕ್ಯ, ಅವರು ಹೆಂಗೆ ಹೇಳ್ತಾರೋ ನಾನೂ ಹಂಗೇ.

ಕ್ಯಾಂಪು ಮುಗೀತು. ಟಿವಿಯೋರು ಅದಕ್ಕೂ ಮುಂಚೇನೇ ಹೋಗಿದ್ರು. ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ, ಇದನ್ನ ನಾನು ಫೋನಲ್ಲೇ ತಿಳ್ಕೊಂಡಿದ್ದು. ಹೊರಡೋವಾಗ ಇಪ್ಪತ್ತೆರಡು ಮನೆಯ ನಂಬರ್ ಬರ್ಕೊಂಡಿದ್ದೆ, ತಿಂಗಳಿಗೊಂದ್ಸಲ ಫೋನ್ ಮಾಡ್ತೀನಿ ಅಂತ ಹೇಳಿದ್ದೆ. ಪ್ರಾಮಾಣಿಕವಾಗಿ ಹೇಳ್ತೀನಿ, ಹದಿಮೂರು ಮನೆಯದ್ದು ಒಂದು ವರ್ಷದೊಳಗೆ ಬಿಟ್ಟೋಯ್ತು, ನಂದೇ ಸೋಮಾರಿತನ. ಒಂಬತ್ತು ಉಳ್ಕೊಂಡಿದೆ. ಮೊದಲೊಂದೆರಡು ತಿಂಗಳು ಎಲ್ರೂ ಗಟ್ಟಿಯಾಗೇ ಮಾತಾಡ್ತಿದ್ರು. ಡಿಸೆಂಬರ್ ಹೊತ್ತಿಗೆ, ಕಾಫಿ ಕುಯ್ಲಿನ ಟೈಮು, ಆ ಹೊತ್ತಲ್ಲಿ ಪ್ರತಿ ವರ್ಷ ಕಣದಲ್ಲಿ ಕಾಫಿ ಒಣಗಿಸ್ಕೊಂಡು ಇರ್ತಿದ್ದೋರು ಬಾಡಿಗೆ ಮನೆಯ ರೂಮಲ್ಲಿ ಸುಮ್ನೆ ಕೂತಿದ್ದಾಗ ಒಬ್ಬೊಬ್ರೇ ಕುಸಿದ್ರು. ಕುಡಿಯೋದು ಜಾಸ್ತಿ ಆಯ್ತು ಕೆಲವರಿಗೆ. ಒಬ್ರು ಹೆಂಗಸು "ಮಳೆ ಬರ್ಲಿಲ್ಲಾಂದ್ರೂ ಶೀಟಿನ ಮೇಲೆ ಶಬ್ದ ಕೇಳುತ್ತೆ" ಅಂತಿದ್ರು. 2019ರ ಆಗಸ್ಟಲ್ಲಿ ವಿರಾಜಪೇಟೆ ಕಡೆ ತೋರದಲ್ಲಿ ಮತ್ತೆ ಕುಸೀತು, 2020ರ ಆಗಸ್ಟಲ್ಲಿ ತಲಕಾವೇರಿ ಬೆಟ್ಟ, ಒಂದೊಂದ್ಸಲನೂ ಇವರು ಹಳೇದಕ್ಕೆ ವಾಪಸ್. 2022ರ ಜೂನಲ್ಲಿ ಚೆಂಬು, ಸಂಪಾಜೆ, ಸುಳ್ಯ ಕಡೆ ನೆಲ ಪದೇ ಪದೇ ನಡುಗಿದಾಗ ಒಂದೇ ವಾರಕ್ಕೆ ನಂಗೆ ಹದಿನೇಳು ಫೋನು.

ಬಹಳಷ್ಟು ಜನ ನಿಧಾನಕ್ಕೆ ತಾವಾಗೇ ಸರಿ ಹೋಗ್ತಾರೆ, ಎಲ್ರಿಗೂ ಮಾತ್ರೆ ಬೇಕಾಗಲ್ಲ, ಆದ್ರೆ ತಿಂಗಳು ಕಳೆದ್ರೂ ನಿದ್ದೆ ಇಲ್ಲ, ಊಟ ಇಲ್ಲ, ಯಾರ ಜೊತೇನೂ ಸೇರ್ತಿಲ್ಲ, "ನಾನೂ ಅವತ್ತೇ ಹೋಗ್ಬೇಕಿತ್ತು" ಅಂತ ಹೇಳ್ತಿದ್ರೆ ಸುಮ್ನಿರಬೇಡಿ. ಸಾಯೋ ಯೋಚ್ನೆ ಬರ್ತಿದ್ಯಾ ಅಂತ ನೇರವಾಗಿ ಕೇಳಿದ್ರೆ ಇಲ್ಲದ ಯೋಚ್ನೆ ತಲೆಗೆ ಹಾಕಿದಂಗೆ ಆಗಲ್ಲ, ನಾನೂ ಹಂಗೇ ಹೆದರ್ತಿದ್ದೆ. ಜಿಲ್ಲಾಸ್ಪತ್ರೇಲಿ ಮನೋವೈದ್ಯರು ಇರ್ತಾರೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 14416, ಹಗಲು ರಾತ್ರಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ನಂಬರ್ ಕೊಟ್ಟು ಸುಮ್ಮನಾಗ್ಬೇಡಿ, ಪಕ್ಕದಲ್ಲಿ ಕೂತು ನೀವೇ ಡಯಲ್ ಮಾಡ್ಕೊಡಿ, ಮೊದಲ ಸಲ ಯಾರಿಗೂ ಕೈ ಬರಲ್ಲ. ಅಂದ ಹಾಗೆ ಸ್ವಯಂಸೇವಕರಿಗೂ ಇದು ಅನ್ವಯ, ನಾನು ಮೈಸೂರಿಗೆ ಬಂದು ಮೂರು ವಾರ ಮಿಕ್ಸಿ ಶಬ್ದಕ್ಕೆ ಬೆಚ್ಚಿ ಬೀಳ್ತಿದ್ದೆ, ನಮ್ಮನೆಯೋರು ಕೊನೆಗೆ ಚಟ್ನಿನೇ ಬೇಡ ಅಂದುಬಿಟ್ಟಿದ್ರು.

ಆ ಹಸುವಿನ ಅಣ್ಣನಿಗೆ 2020ರಲ್ಲಿ ಜಂಬೂರಲ್ಲಿ ಪುನರ್ವಸತಿ ಮನೆ ಸಿಕ್ತು. ಎರಡು ಬೆಡ್‌ರೂಮು, ಒಳ್ಳೇ ಮನೆ, ಸಾಲಾಗಿ ಒಂದೇ ತರದ್ದು. ಮೊದಲ ಸಲ ಹೋದಾಗ ಅವರದು ಯಾವುದು ಅಂತ ಗೊತ್ತಾಗ್ದೆ ಎರಡು ಸಲ ಸುತ್ತು ಹೊಡ್ದಿದ್ದೆ. "ಮನೆ ಉಂಟು ತಂಗಿ, ಹಿತ್ಲಿಲ್ಲ" ಅಂದಿದ್ರು ಅವತ್ತು. ಆ ಊರಿನೋರು, ಈ ಊರಿನೋರು ಬೆರೆತು ಕೂತಿದಾರೆ, ಪಕ್ಕದ ಮನೆಯೋರ ಹೆಸರು ಕಲಿಯೋಕೇ ಅವರಿಗೆ ವರ್ಷ ಹಿಡೀತಂತೆ, ಅಲ್ಲಿ ನಲವತ್ತು ವರ್ಷ ಕೂಗಿದ್ರೆ ಕೇಳೋಷ್ಟು ದೂರದಲ್ಲಿ ಇದ್ದೋರು ಈಗ ಮದೆನಾಡು, ಕರ್ಣಂಗೇರಿಯ ಪುನರ್ವಸತಿ ಮನೆಗಳಲ್ಲಿ.

ಹೋದ ಜೂನಲ್ಲಿ ಮತ್ತೆ ಹೋಗಿದ್ದೆ. ಮನೇಲಿ ಇರ್ಲಿಲ್ಲ, ಕೆಳಗಡೆ ಯಾರದೋ ತೋಟದ ಮೂಲೇಲಿ ಒಂದು ಶೆಡ್ ಹಾಕ್ಕೊಂಡಿದಾರೆ, ಅಲ್ಲಿದಾರೆ ಅಂದ್ರು ಅವರ ಹೆಂಡ್ತಿ. ಹೋದೆ. ಕಂದು ಬಣ್ಣದ ಹಸು ಒಂದು, ಪಡ್ಡೆ, ಇನ್ನೂ ಕರು ಹಾಕಿಲ್ಲ. ಹೆಸರೇನು ಅಂತ ಈ ಸಲ ನಾನೇ ಮೊದಲು ಕೇಳ್ದೆ. "ಇಟ್ಟಿಲ್ಲ ಇನ್ನೂ" ಅಂದ್ರು. ಮಳೆ ಹನಿಯೋಕೆ ಶುರುವಾಗಿತ್ತು, ಅವರು ಹುಲ್ಲು ಹಾಕಿ, ಹಗ್ಗನ ಕಂಬಕ್ಕೆ ಸುತ್ತಿ ಕಟ್ಟಿದ್ರು. ಕಟ್ಟಿ, ತುದಿ ಹಿಡಿದು ಒಂದ್ಸಲ ಎಳೆದ್ರು, ಗಂಟು ಪೂರ್ತಿ ಬಿಚ್ಕೊಂಡು ಕೈಗೆ ಬಂತು. ಮತ್ತೆ ಕಟ್ಟಿದ್ರು. ಮತ್ತೆ ಎಳೆದ್ರು. ಮೂರನೇ ಸಲ ಕಟ್ಟಿ ಹಂಗೇ ಬಿಟ್ಟು, "ನಡೀರಿ, ಅಕ್ಕಿ ರೊಟ್ಟಿ ಆರಿ ಹೋಗುತ್ತೆ" ಅಂತ ನನಗೊಂದು ಕೊಡೆ ಕೊಟ್ರು.